‘ಹೊಸ ಕಾಯ್ದೆ ಬಂದಿದೆ’ ಅಂತ ಬಂದವರ ಕೈಗೆ ಹಳೇ ರಸೀತಿ ಕೊಡಬೇಡಿ

ಅಮೆರಿಕದಲ್ಲಿ ವಯಸ್ಸಾದವರ ಮನೆಯಲ್ಲಿ ಬಾಡಿಗೆಗಿರುವ, ಅವರನ್ನು ನೋಡಿಕೊಳ್ಳುವ ನಮ್ಮವರು ದಯವಿಟ್ಟು ಇದನ್ನು ಓದಿ.

ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಮನೆ ಓನರ್ 90 ದಾಟಿದ ಯಹೂದಿ ಅಜ್ಜಿ, ಬರ್ಲಿನ್‌ನಲ್ಲಿ ಹುಟ್ಟಿದವರು. 1939ರಲ್ಲಿ ಅಪ್ಪ ಅಮ್ಮ ಇವರನ್ನು, ನಾಜಿಗಳಿಂದ ಯಹೂದಿ ಮಕ್ಕಳನ್ನು ಪಾರುಮಾಡುತ್ತಿದ್ದ ಮಕ್ಕಳ ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ಆಮೇಲೆ ಇಬ್ಬರನ್ನೂ ನಾಜಿಗಳ ಸಾವಿನ ಶಿಬಿರ ಔಶ್ವಿಟ್ಜ್‌ನಲ್ಲಿ ಕೊಂದರು. ಉಳಿದದ್ದು ಅಪ್ಪನ ಜೀವವಿಮೆಯ ಒಂದು ಕಂತಿನ ರಸೀತಿ. ಮಡಿಕೆ ಹರಿದ ಕಡೆ ಅಜ್ಜಿ ಟೇಪ್ ಹಾಕಿದ್ದರು, ಆ ಟೇಪೇ ಹಳದಿಯಾಗಿತ್ತು.

ಇಂಥ ಅನೇಕ ಪಾಲಿಸಿಗಳ ಹಣವನ್ನು ನಾಜಿ ಸರ್ಕಾರವೇ ನುಂಗಿತ್ತು. ಯುದ್ಧ ಮುಗಿದ ಮೇಲೆ ವಾರಸುದಾರರು ಕೇಳಿದರೆ ಡೆತ್ ಸರ್ಟಿಫಿಕೇಟ್ ತನ್ನಿ ಎಂದ ಕಂಪನಿಗಳಿವೆ. ಗ್ಯಾಸ್ ಚೇಂಬರಿಗೆ ಕಳಿಸಿದವರಿಗೆ ಸರ್ಟಿಫಿಕೇಟ್ ಯಾರು ಬರೆದುಕೊಡುತ್ತಾರೆ?

ಹಾಗಾಗಿ ಒಬ್ಬ ಏಜೆಂಟ್ ಬಂದು ‘ಈಗ ಕಾಯ್ದೆ ಬಂದಿದೆ, ಕಂಪನಿ ಕೊಡಲೇಬೇಕು’ ಎಂದಾಗ ಅಜ್ಜಿಯ ಮುಖ ಅರಳಿತು. ಫೈಲಿಂಗ್ ಫೀಸ್ 950 ಡಾಲರ್, ಬಂದ ಹಣದಲ್ಲಿ ಮೂರನೇ ಒಂದು ಪಾಲು. ಅಜ್ಜಿಗೆ ಕಣ್ಣು ಮಂಜು, ಫಾರಂ ತುಂಬಿದ್ದು ನಾನೇ. ಅಸಲಿ ರಸೀತಿಯನ್ನೂ ತೆಗೆದುಕೊಂಡು ಹೋದ. ಮೂರು ವಾರಕ್ಕೆ ಫೋನ್ ಸ್ವಿಚ್ ಆಫ್.

ಅವನು ತೋರಿಸಿದ ಪ್ರಿಂಟಿನ ಮೇಲೆ ‘ಎಚ್.ಆರ್.’ ಅಂತ ನಂಬರ್ ಇತ್ತು. ಅದು ಬರೀ ಮಸೂದೆ. ಪಾಸಾದ ಕಾಯ್ದೆಗೆ ‘ಪಬ್ಲಿಕ್ ಲಾ’ ನಂಬರ್ ಇರುತ್ತದೆ. ಇದನ್ನು ನಾನು ಅವತ್ತೇ ನೋಡಬೇಕಿತ್ತು. ಕ್ಯಾಲಿಫೋರ್ನಿಯಾ 1999ರಲ್ಲಿ ಹಳೇ ಪಾಲಿಸಿಗಳ ಪಟ್ಟಿ ಕೊಡಿ ಅಂತ ಕಂಪನಿಗಳಿಗೆ ಕಾನೂನು ಮಾಡಿತ್ತು ನಿಜ. 2003ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಹೊಡೆದುಹಾಕಿತು, ವಿದೇಶಾಂಗ ವಿಷಯ ರಾಜ್ಯದ ಕೆಲಸವಲ್ಲ ಅಂತ. ಆಮೇಲೆ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, 2007ರದ್ದೂ ಸೇರಿ ಇದೇ ವಿಷಯದ ಮಸೂದೆಗಳು ಬಂದವು, ಪಾಸಾಗಲಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ಈ ವಿಮೆ ಹಣಕ್ಕಾಗಿಯೇ 1998ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಆಯೋಗ ಸುಮಾರು 48,000 ಜನರಿಗೆ 30 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಡಿಸಿ 2007ರಲ್ಲಿ ಮುಚ್ಚಿತು. ಅದಕ್ಕೆ ಅರ್ಜಿ ಹಾಕಲು 2003ರ ಕೊನೆ ತನಕ ಸಮಯವಿತ್ತು. ಅಜ್ಜಿ ಆಗ ಯಜಮಾನರ ಕಾಯಿಲೆಯಲ್ಲಿ ಮುಳುಗಿದ್ದರು, ಹಾಕಲಿಲ್ಲ. ಏಜೆಂಟ್ ಬಂದಾಗ, ನಿಮ್ಮಪ್ಪ ಬಿಟ್ಟದ್ದು ಇದೊಂದೇ ಅಲ್ವಾ ಅಂತ ನಾನೂ ಆಸೆ ಹುಟ್ಟಿಸಿಬಿಟ್ಟೆ.

ಇಷ್ಟಾದ ಮೇಲೆ ಗೊತ್ತಾಯಿತು: ನ್ಯೂಯಾರ್ಕ್ ರಾಜ್ಯ ಸರ್ಕಾರದ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಕ್ಲೇಮ್ಸ್ ಪ್ರೊಸೆಸಿಂಗ್ ಆಫೀಸ್ 1997ರಿಂದ ಇಂಥ ಹಣ ಕೇಳಲು ನೆರವಾಗುವ ಕೆಲಸವನ್ನೇ ಮಾಡುತ್ತಿದೆ. ಒಂದು ಪೈಸೆ ಫೀಸಿಲ್ಲ, ಪಾಲೂ ಇಲ್ಲ. ಬೇರೆ ದೇಶದವರೂ ಕೇಳಬಹುದು. ಮೊದಲು ಅಲ್ಲಿಗೆ ಹೋಗಿ. ಯಾರಿಗೇ ಆಗಲಿ ಜೆರಾಕ್ಸ್ ಮಾತ್ರ ಕೊಡಿ.

ನನ್ನ ಫೋನಿನಲ್ಲಿದ್ದ ರಸೀತಿಯ ಫೋಟೋ ಪ್ರಿಂಟ್ ಹಾಕಿಸಿ ಹೋದ ತಿಂಗಳು ಅಲ್ಲಿ ಅರ್ಜಿ ಕೊಟ್ಟೆವು. ಅಜ್ಜಿ 950 ಡಾಲರ್ ಮಾತೇ ಎತ್ತುವುದಿಲ್ಲ. ರಸೀತಿಯ ಹಿಂದೆ ಅವರಪ್ಪ ಮುಂದಿನ ಕಂತಿನ ತಾರೀಖನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದರು, ಅದನ್ನೇ ಕೇಳುತ್ತಾರೆ. ಹಿಂಬದಿಯ ಫೋಟೋ ನಾನು ತೆಗೆದಿರಲಿಲ್ಲ.