ಹಳೆಯ ಆರ್‌ಪಿಜಿಗೆ ಯಾವ ಆಕ್ಟಿವೇಶನ್ ಗ್ರೂಪ್?

ಐಬಿಎಂನ ವ್ಯವಹಾರ ಗಣಕಗಳ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ಪಿಜಿಗೆ 1994ರಲ್ಲಿ ಐಎಲ್‌ಇ ಎಂಬ ಹೊಸ ಪ್ರೋಗ್ರಾಮ್ ಮಾದರಿ ಬಂದಾಗಿನಿಂದ, ಹಳೆಯ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ನವೀಕರಿಸುವವರಿಗೆ ಅತಿ ಹೆಚ್ಚು ನೆರವಾಗುವುದೂ, ಎಚ್ಚರ ತಪ್ಪಿದರೆ ಅತಿ ಹೆಚ್ಚು ಕಾಡುವುದೂ ಆಕ್ಟಿವೇಶನ್ ಗ್ರೂಪ್, ಅಂದರೆ ಓಡುವ ಪ್ರೋಗ್ರಾಮ್‌ಗಳ ಮೆಮೊರಿಯನ್ನೂ ತೆರೆದ ಫೈಲ್‌ಗಳನ್ನೂ ಹಿಡಿದಿಡುವ ಆವರಣ. ಡಿಫಾಲ್ಟ್ ಗ್ರೂಪಿನ ಆಯ್ಕೆಯು ಹಳೆಯ ನಡವಳಿಕೆಯನ್ನು ಉಳಿಸುತ್ತದೆ, ಆದರೆ ಸರ್ವಿಸ್ ಪ್ರೋಗ್ರಾಮ್‌ಗಳನ್ನು (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ರೂಟೀನ್‌ಗಳ ಕಟ್ಟುಗಳನ್ನು) ಜೋಡಿಸಲು ಬಿಡುವುದಿಲ್ಲ. ‘ನ್ಯೂ’ ಆಯ್ಕೆಯಲ್ಲಿ ಪ್ರತಿ ಕರೆಗೂ ಗ್ರೂಪ್ ಹುಟ್ಟಿ ಅಳಿಯುವುದರಿಂದ, ಪದೇ ಪದೇ ಕರೆಯುವ ಪ್ರೋಗ್ರಾಮ್‌ಗೆ ಅದು ದುಬಾರಿ.

ನಾನು ಮನಸಾರೆ ಮೆಚ್ಚುವುದು ಹೆಸರಿಟ್ಟ ಗ್ರೂಪನ್ನು: ಮೊದಲು ಓಡುವ ಪ್ರೋಗ್ರಾಮ್‌ಗೆ ಹೆಸರು ಕೊಟ್ಟು, ಅದು ಕರೆಯುವ ಉಳಿದವುಗಳಿಗೆ ‘ಕಾಲರ್’ (ಕರೆದ ಪ್ರೋಗ್ರಾಮ್‌ನ ಗ್ರೂಪಿನಲ್ಲೇ ಓಡು) ಎಂದು ನಿಗದಿಪಡಿಸಿದರೆ, ತೆರೆದ ಫೈಲ್‌ಗಳೂ ಓವರ್‌ರೈಡ್‌ಗಳೂ (ಫೈಲ್‌ಗಳಿಗೆ ಮಾಡಿದ ತಾತ್ಕಾಲಿಕ ಬದಲಾವಣೆಗಳು) ಸಾಮಾನ್ಯವಾಗಿ ಆ ಒಂದೇ ಆವರಣದಲ್ಲಿ ಉಳಿಯುತ್ತವೆ, ಕೆಲಸ ಮುಗಿದ ಮೇಲೆ ಆರ್‌ಸಿಎಲ್‌ಎಸಿಟಿಜಿಆರ್‌ಪಿ ಎಂಬ ಒಂದೇ ಕಮಾಂಡ್‌ನಿಂದ ಅವನ್ನೆಲ್ಲ ತೆರವುಗೊಳಿಸಬಹುದು. ಆದರೆ ‘ಕಾಲರ್’ ಪ್ರೋಗ್ರಾಮನ್ನು ಒಪಿಎಂ ಎಂಬ, ಐಎಲ್‌ಇಗೆ ಮುಂಚಿನ ಹಳೆಯ ಮಾದರಿಯ ಪ್ರೋಗ್ರಾಮ್ ನೇರವಾಗಿ ಕರೆದರೆ ಅದು ಡಿಫಾಲ್ಟ್ ಗ್ರೂಪಿನಲ್ಲೇ ಓಡುತ್ತದೆ, ಆಗ ಸಂಪನ್ಮೂಲ ತೆರವುಗೊಳಿಸುವ ಹಳೆಯ ಕಮಾಂಡ್ ಆರ್‌ಸಿಎಲ್‌ಆರ್‌ಎಸ್‌ಸಿ ಕೊಟ್ಟರೂ ಅದರ ಸ್ಟ್ಯಾಟಿಕ್ ಮೆಮೊರಿ (ಕರೆಗಳ ನಡುವೆ ಉಳಿಯುವ ಮೆಮೊರಿ) ಬಿಡುಗಡೆಯಾಗುವುದಿಲ್ಲ.