ಬೂತಾಯಿ ಎನ್ನುವಾಗ ತುಟಿ ಮುಚ್ಚದ ಮೀನಜ್ಜಿ: ಲಿಪ್‌ಸಿಂಕ್ ಕೆಲಸ ಕೊಡುವವರು ಓದಿ

ಮಂಗಳೂರಿನಲ್ಲಿ ಮನೆಬಾಗಿಲಿಗೆ ಮೀನು ತಲುಪಿಸುವ ಅಂಗಡಿಯೊಂದು ಮಾಡಿಸಿದ 90 ಸೆಕೆಂಡಿನ ತ್ರೀಡಿ ಜಾಹೀರಾತು ಮೂಲೆ ಸೇರಿತು. ಬುಟ್ಟಿ ಹೊತ್ತ ಮೀನಜ್ಜಿ ನೋಡಲು ಚಂದವೇ ಇದ್ದಳು. ಸೀರೆಯ ನೆರಿಗೆ, ಮೂಗುತಿಯ ಹೊಳಪು ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಆದರೆ "ಬಂಗುಡೆ, ಬೂತಾಯಿ" ಎಂದು ಮೀನಿನ ಹೆಸರು ಕೂಗುವಾಗ ತುಟಿ ಮುಚ್ಚಲೇ ಇಲ್ಲ. ಬಾಯಿ ತೆರೆದುಕೊಂಡೇ 'ಬ' ಹೇಳಿ ನೋಡಿ, ಬರುತ್ತದಾ? ಮುಂಗಡ ಹೋಗಿಯಾಗಿತ್ತು, ಕೆಲಸ ವಹಿಸಿಕೊಂಡವರದ್ದು ಒಂದೇ ಮಾತು: ಸಾಫ್ಟ್‌ವೇರ್ ಹಾಗೆ ಕೊಟ್ಟಿದೆ.

ಸಾಫ್ಟ್‌ವೇರ್ ಹಾಗೆ ಕೊಡುವುದು ನಿಜವೇ. ಉದಾಹರಣೆಗೆ ಲಿಪ್‌ಸಿಂಕ್‌ಗೆ, ಅಂದರೆ ಮಾತಿಗೆ ತಕ್ಕಂತೆ ಬಾಯಿ ಆಡಿಸುವುದಕ್ಕೆ, ಇರುವ ರೂಬಾರ್ಬ್ ಎಂಬ ಉಚಿತ ಉಪಕರಣ ತಾನಾಗಿ ಬಳಸುವ ಗುರುತಿಸುವಿಕೆ ಇಂಗ್ಲಿಷ್ ಮಾತಿನದ್ದು. ಬೇರೆ ಭಾಷೆಗೆ ಪದ ಬಿಟ್ಟು ಬರೀ ಶಬ್ದ ಹಿಡಿಯುವ 'ಫೊನೆಟಿಕ್' ಆಯ್ಕೆ ಇದೆ, ಅದನ್ನು ಹಾಕದೆ ಬಿಟ್ಟರೆ ಕನ್ನಡದೊಳಗೆ ಇಂಗ್ಲಿಷ್ ಪದ ಹುಡುಕುತ್ತದೆ. ಹಾಕಿದರೂ ಅದು ಬರೀ ಕರಡು. ಪ, ಬ, ಮ ಅಕ್ಷರಗಳನ್ನು ಕೈಯಿಂದಲೇ ತಿದ್ದಬೇಕು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇದ್ದರೆ ಒಂಟಿ 'ಬ'ಕ್ಕೆ ಎರಡು ಫ್ರೇಮ್ ತುಟಿ ಪೂರ್ತಿ ಕೂಡಿರಲಿ. 'ಹಬ್ಬ', 'ಅಪ್ಪ', 'ಅಮ್ಮ'ಗಳ ಒತ್ತಕ್ಷರಕ್ಕೆ ನಾಲ್ಕಾದರೂ ಬೇಕು.

ಸೊನ್ನೆಯದ್ದು ಇನ್ನೊಂದು ಎಡವಟ್ಟು. ಬರಹ ನೋಡಿ ಬಾಯಿ ಆಡಿಸುವವರು 'ಂ' ಕಂಡಲ್ಲೆಲ್ಲ ತುಟಿ ಮುಚ್ಚಿಸುತ್ತಾರೆ. ಬಂಗುಡೆಯ ಸೊನ್ನೆ ಗಂಟಲ ಹತ್ತಿರ ಹುಟ್ಟುತ್ತದೆ, ಅಂಜಲ್ ಎಂಬ ಮೀನಿನ ಹೆಸರಿನದ್ದು ನಾಲಗೆಯ ಕೆಲಸ. ಎರಡಕ್ಕೂ ತುಟಿ ತೆರೆದೇ ಇರುತ್ತದೆ. ಕುಂಬಳಕಾಯಿಯ ಸೊನ್ನೆಗೆ ಮಾತ್ರ ಮುಚ್ಚಬೇಕು, ಮುಂದೆ 'ಬ' ಇದೆಯಲ್ಲ. ತ-ಟ, ಲ-ಳಗಳಿಗೆ ಹೊರಗಿನಿಂದ ಬಾಯಿ ಹೆಚ್ಚುಕಡಿಮೆ ಒಂದೇ. ಅದಕ್ಕೆಂದು ಬೇರೆ ಬೇರೆ ಆಕಾರ ಮಾಡುತ್ತೇವೆ, ದರ ಇಷ್ಟು ಹೆಚ್ಚಾಗುತ್ತದೆ ಎಂದು ಕೆಲಸ ವಹಿಸಿಕೊಂಡವರು ಹೇಳಿದರೆ ಒಪ್ಪಬೇಡಿ.

ರಿಗ್, ಅಂದರೆ ಪಾತ್ರದ ಮುಖ ಆಡಿಸುವ ಒಳಕಟ್ಟು, ಅದನ್ನೂ ನೋಡಿ. ದವಡೆ ಇಳಿದಿರುವಾಗಲೂ ತುಟಿ ಕೂಡುವಂತಿರಬೇಕು. ಮುಖದ ಚಲನೆ ಹಿಡಿಯುವ ಆಪಲ್ ಎಆರ್‌ಕಿಟ್‌ನ 52 ಮುಖದ ಆಕಾರಗಳಲ್ಲಿ 'ಜಾ ಓಪನ್' (ದವಡೆ ತೆರೆ), 'ಮೌತ್ ಕ್ಲೋಸ್' (ಬಾಯಿ ಮುಚ್ಚು) ಬೇರೆ ಬೇರೆ ಇರುವುದು ಇದಕ್ಕೇ. "ಪಾಪ, ಮಾಮ" ಹೇಳಿಸಿದಾಗ ಕೆಳತುಟಿ ಹಲ್ಲಿನೊಳಗೆ ನುಗ್ಗಿದರೆ ರಿಗ್ ಕೆಟ್ಟಿದೆ ಎಂದೇ ಲೆಕ್ಕ. ತುಟಿ ಮುಚ್ಚಿದ ಎರಡು ಕೀಗಳ (ಭಂಗಿ ಗುರುತು ಹಾಕಿದ ಫ್ರೇಮ್‌ಗಳ) ನಡುವೆ ಚಲನೆಯ ಗೆರೆ ಬಾಗಿ ತುಟಿ ಸಣ್ಣಗೆ ಬಿರಿಯುವುದೂ ಉಂಟು. ಅಲ್ಲಿ ಆ ಗೆರೆ (ಕರ್ವ್) ಚಪ್ಪಟೆ ಮಾಡಬೇಕು.

ಇಷ್ಟು ಸಾಲದೆಂದು ಆ ಜಾಹೀರಾತಿನ ಕೊನೆಯಲ್ಲಿ ಅಜ್ಜಿಯ ಬಾಯಿ ನಿಂತ ಮೇಲೂ ಮಾತು ಕೇಳುತ್ತಿತ್ತು. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ತಾನಾಗಿ ಹಿಡಿಯುವುದು ಸೆಕೆಂಡಿಗೆ 24 ಫ್ರೇಮ್. 90 ಸೆಕೆಂಡಿಗೆ 2160 ಚಿತ್ರಗಳಾದವು. ಆ ಚಿತ್ರಗಳ ಸರಣಿಯನ್ನು ಸೆಕೆಂಡಿಗೆ 25 ಫ್ರೇಮ್‌ನ ಎಡಿಟಿಂಗ್ ಟೈಮ್‌ಲೈನಿಗೆ ಹಾಕಿದರೆ 86.4 ಸೆಕೆಂಡಿಗೇ ಮುಗಿಯುತ್ತದೆ. ಗುರುತಿಸುವುದು ಸುಲಭ: ಬಾಯಿಗೂ ಧ್ವನಿಗೂ ಇರುವ ವ್ಯತ್ಯಾಸ ಉದ್ದಕ್ಕೂ ಒಂದೇ ಇದ್ದರೆ ಧ್ವನಿ ಇಟ್ಟ ಜಾಗ ತಪ್ಪು, ಬೆಳೆಯುತ್ತಾ ಹೋದರೆ ಫ್ರೇಮ್ ಲೆಕ್ಕ ತಪ್ಪು. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೇ ನೋಡುವವರಿಗೆ ಗೊತ್ತಾಗುತ್ತದೆ, ಹಿಂದಾದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ ಎನ್ನುತ್ತದೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು. ಅನುಭವಿಗಳು ಬಾಯಿಯನ್ನು ಒಂದು ಫ್ರೇಮ್ ಮೊದಲೇ ಆಡಿಸುವುದು ಅದಕ್ಕೇ. ವಾಟ್ಸಾಪ್‌ನಲ್ಲಿ ಬಂದ ವಾಯ್ಸ್ ಮೆಸೇಜ್ ಇಟ್ಟುಕೊಂಡು ಕೆಲಸ ಶುರುಮಾಡಲು ಬಿಡಬೇಡಿ. 48 ಕಿಲೋಹರ್ಟ್ಜ್ ವೇವ್ (.wav) ಧ್ವನಿ ಫೈಲನ್ನೇ ಕೊಡಿ.

ಅದೇ ಜಾಹೀರಾತಿನ ತುಳು ಆವೃತ್ತಿ "ಬಾಯಿ ಅದೇ ಇರಲಿ, ಡಬ್ಬಿಂಗ್ ಸಾಕು" ಎಂಬ ಸಲಹೆಯಲ್ಲಿ ಕೆಟ್ಟಿತು. ಕನ್ನಡದ 'ಮೀನು' ಮುಗಿಯುವಾಗ ತುಟಿ ದುಂಡಗಾಗುತ್ತದೆ, ತುಳುವಿನ 'ಮೀನ್' ಅರೆ ಉಕಾರದಲ್ಲಿ ಮುಗಿಯುವಾಗ ಆಗುವುದಿಲ್ಲ. ಉಡುಪಿ, ಮಂಗಳೂರಿನವರ ಕಣ್ಣು ಇದನ್ನು ಬಿಡುವುದಿಲ್ಲ ಮಾರಾಯ್ರೆ. ಎರಡು ಭಾಷೆ ಎಂದರೆ ಎರಡು ಲಿಪ್‌ಸಿಂಕ್, ದರ ಮಾತಾಡುವಾಗಲೇ ಇದು ಬರಹದಲ್ಲಿರಲಿ.

ಮುಂಗಡಕ್ಕೆ ಮೊದಲು 10 ಸೆಕೆಂಡಿನ ತುಣುಕು ಕೇಳಿ, ಮುಖ ಹತ್ತಿರದಲ್ಲಿರಲಿ. ಸಂಭಾಷಣೆಯನ್ನು ನೀವೇ ಬರೆದು ಕೊಡಿ: "ಅಮ್ಮ, ಬಂಗುಡೆ ಬೇಕಾ, ಬೂತಾಯಿ ಬೇಕಾ, ಹಬ್ಬಕ್ಕೆ ಅಂಜಲ್ ಬೇಕಾ?" ಬಂದದ್ದನ್ನು ಮೊಬೈಲಿನಲ್ಲಿ ಓಡಿಸಿ ತಲೆಯಾಡಿಸಬೇಡಿ. ಕಂಪ್ಯೂಟರಿನಲ್ಲಿ ಫ್ರೇಮ್ ಫ್ರೇಮ್ ಸರಿಸಿ ನೋಡಿ. ಬ, ಮ ಬಂದ ಒಂದೇ ಒಂದು ಕಡೆ ತುಟಿಯ ನಡುವೆ ಹಲ್ಲು ಕಂಡರೂ ವಾಪಸ್ ಕಳಿಸಿ.