ಹಳೆ ಇಂಜಿನ್ನಿಗೆ 95 ಆಕ್ಟೇನ್ ಪೆಟ್ರೋಲ್: ಕೊಟ್ಟ ದುಡ್ಡಿಗೆ ಬೆಲೆ ಇದೆಯೇ?

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ತೋಟಗಳಲ್ಲಿರುವ ಪೆಟ್ರೋಲ್–ಸೀಮೆಎಣ್ಣೆ ಪಂಪ್‌ಸೆಟ್ಟಿಗೆ ಈ ದುಬಾರಿ ಪೆಟ್ರೋಲ್ ದಂಡ. ಆಕ್ಟೇನ್ ಎಂದರೆ ಶಕ್ತಿಯಲ್ಲ. ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ. ಆಕ್ಟೇನ್ ತೀರಾ ಕಡಿಮೆಯಿರುವ ಸೀಮೆಎಣ್ಣೆಯಲ್ಲೇ ಓಡುವ ಕಡಿಮೆ ಕಂಪ್ರೆಷನ್ನಿನ (ಸಿಲಿಂಡರಿನಲ್ಲಿ ಗಾಳಿ–ಇಂಧನವನ್ನು ಕಡಿಮೆ ಒತ್ತುವ) ಇಂಜಿನ್ನಿಗೆ 91 ಆಕ್ಟೇನ್ ಧಾರಾಳ.

ಲೋಡಿನಲ್ಲಿ ಇಂಜಿನ್ ಟಕಟಕ ಬಡಿದರೆ ಬಂಕ್ ಬದಲಿಸಬೇಡಿ. ಹೆಡ್ ಬಿಚ್ಚಿ ಮಸಿ ಕೆರೆಯಿರಿ, ಪ್ಲಗ್ ನಂಬರ್, ಟೈಮಿಂಗ್ (ಕಿಡಿ ಹಾರುವ ಸಮಯ) ನೋಡಿ.

ನಿಜವಾದ ತಲೆನೋವು ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್, ಅಂದರೆ ಎಥನಾಲ್. 95ರಲ್ಲೂ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮ ಮಳೆಗಾಲದ ತೇವವನ್ನು ಹೀರಿ ನೀರು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಹಳೆ ರಬ್ಬರ್ ಪೈಪ್ ಉಬ್ಬಿ ಮೆತ್ತಗಾಗುತ್ತದೆ, ಕಾರ್ಬುರೇಟರ್ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಎಥನಾಲ್ ತಾಳುವ ಪೈಪ್ ಹಾಕಿಸಿ. ಅಡಿಕೆಗೆ ಮದ್ದು ಬಿಟ್ಟಾದ ಮೇಲೆ ಸ್ಪ್ರೇಯರಿನ ಪೆಟ್ರೋಲ್ ಕಾಕ್ ಮುಚ್ಚಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಇಳಿಸಿ. ಸೀಮೆಎಣ್ಣೆ ಇಂಜಿನ್ನಾದರೆ ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಲು ಬಿಡಿ, ಇಲ್ಲವಾದರೆ ಮರುದಿನ ಹಗ್ಗ ಎಳೆದು ಎಳೆದು ಭುಜ ಹೋದೀತು.

95 ಯಾರಿಗೆ? ಕೈಪಿಡಿಯಲ್ಲೇ ಕೇಳಿರುವ, ಹೆಚ್ಚು ಕಂಪ್ರೆಷನ್ನಿನ ಹೊಸ ಯಂತ್ರಗಳಿಗೆ.